ಹಳೇ ಡೈನಿಂಗ್ ಚೇರ್: ಬಟ್ಟೆ ಆಮೇಲೆ, ಮೊದ್ಲು ಜಾಯಿಂಟ್ ನೋಡಿ

ಪ್ರಶ್ನೆ: ಮೈಸೂರಲ್ಲಿ ಮನೆ ಖಾಲಿ ಮಾಡ್ತಿದ್ದವ್ರ ಹತ್ರ 6 ಡೈನಿಂಗ್ ಚೇರ್, ಒಂದು ಟೇಬಲ್ ತಗೊಂಡ್ವಿ. ಟೀಕ್ ಅಂತ ಹೇಳಿದ್ರು. ಸೀಟಿನ ರೆಕ್ಸಿನ್ ಬಿರಿದಿದೆ, ಒಳಗಿಂದ ನಾರಿನ ಪುಡಿ ಉದುರತ್ತೆ, ಒರಗೋ ಕಡೆ ಬಿಳಿ ಮಚ್ಚೆ ಇದೆ, ಎರಡು ಚೇರ್ ಅಲ್ಲಾಡತ್ತೆ. ಪಾಲಿಷ್‌ನವ್ರು ಎಲ್ಲಾ ಕೆರೆದು ಮೆಲಮೈನ್ ಸ್ಪ್ರೇ ಹೊಡೀಬೇಕು ಅಂತಾರೆ, ನಮ್ಮ ಯಜಮಾನ್ರು ಪೂರ್ತಿ ಕಾರ್ಪೆಂಟರ್‌ಗೆ ಕೊಟ್ಬಿಡು ಅಂತಾರೆ. ನನಗೆ ಮನೇಲೇ ಮಾಡೋ ಆಸೆ. ಎಷ್ಟು ಮೀಟರ್ ಬಟ್ಟೆ ತಗೋಬೇಕು, ಯಾವ ಫೋಮ್, ಹಳೇ ಪಾಲಿಷ್ ಪೂರ್ತಿ ತೆಗೀಲೇಬೇಕಾ, ಟೇಬಲ್‌ಗೂ ಅದೇ ಪಾಲಿಷ್ ಹಾಕ್ಬೋದಾ?

ಉತ್ತರ: ಮಾಡ್ಬೋದು ಮೇಡಂ, ಮುಕ್ಕಾಲು ಪಾಲು ಕೆಲ್ಸ ನೀವೇ ಮಾಡ್ಬೋದು. ಆದ್ರೆ ನಿಮ್ಮ ಪ್ರಶ್ನೆ ಶುರುವಾಗಿರೋದೇ ಬಟ್ಟೆಯಿಂದ, ಕೆಲ್ಸ ಮುಗಿಯೋದು ಬಟ್ಟೆಯಿಂದ. ಸೆಕೆಂಡ್ ಹ್ಯಾಂಡ್ ಚೇರ್ ತಗೊಂಡವ್ರಲ್ಲಿ ಜಾಸ್ತಿ ಜನ ಮೊದ್ಲು ಒಳ್ಳೇ ಬಟ್ಟೆ ತಂದು ಸೀಟು ಹೊಲಿಸ್ತಾರೆ, ಆಮೇಲೆ ಪಾಲಿಷ್, ಅಲ್ಲಾಡೋದನ್ನ ಕೊನೆಗೆ ನೋಡೋಣ ಅಂತ ಬಿಟ್ಬಿಡ್ತಾರೆ, ಒಂದು ವರ್ಷದಲ್ಲಿ ಯಾರೋ ದಪ್ಪಗಿರೋರು ಹಿಂದಕ್ಕೆ ಒರಗಿದ ತಕ್ಷಣ ಹಿಂದಿನ ಕಾಲು ಜಾಯಿಂಟ್ ಹತ್ರ ಸೀಳಿ ಹೋಗತ್ತೆ. ಸೀಳಿದ ಮೇಲೆ ಅದು ಅಂಟಿನ ಕೆಲ್ಸ ಅಲ್ಲ, ಹೊಸ ಕಾಲು ಮಾಡಿಸೋ ಕೆಲ್ಸ. ಹಾಗಾಗಿ ಮೊದ್ಲು ಹುಳ, ಆಮೇಲೆ ಜಾಯಿಂಟ್, ಆಮೇಲೆ ಪಾಲಿಷ್, ಸೀಟು ಎಲ್ಲಕ್ಕಿಂತ ಕೊನೆಗೆ.

ಚೇರುಗಳು ಈಗಾಗ್ಲೇ ಮನೆ ಒಳಗಿದ್ರೆ ಇವತ್ತೇ ಬಾಲ್ಕನಿಗೋ ವರಾಂಡಕ್ಕೋ ಹಾಕಿ. ಚೇರ್ ಬೋರಲು ಹಾಕಿ, ಸೀಟಿನ ಕೆಳಗಿನ ಸ್ಕ್ರೂ ಬಿಚ್ಚಿ ಸೀಟು ಹೊರಗೆ ತೆಗೀರಿ. ಸೀಟಿನ ಹಿಂದೆ, ಚೇರಿನ ಒಳಪಟ್ಟಿ ಮೇಲೆ ಎರಡರ ಮೇಲೂ ಪೆನ್ಸಿಲ್‌ನಲ್ಲಿ ಒಂದೇ ನಂಬರ್ ಬರೀರಿ, ನೋಡೋಕೆ ಆರೂ ಒಂದೇ ಥರ ಇದ್ರೂ ಕೈಯಲ್ಲಿ ಮಾಡಿದ ಚೇರಲ್ಲಿ ಒಂದರ ಸೀಟು ಇನ್ನೊಂದಕ್ಕೆ ಕೂರಲ್ಲ. ರೆಕ್ಸಿನ್ ಮಡಿಕೆ ಒಳಗೆ, ಮೊಳೆ ಸಾಲಿನ ಹತ್ರ ಕಪ್ಪು ಕಪ್ಪು ಚುಕ್ಕೆ, ಒಣಗಿದ ಪೊರೆ ಕಂಡ್ರೆ ತಿಗಣೆ. ಹಳೇ ನಾರು, ರೆಕ್ಸಿನ್ ಎಲ್ಲಾ ಹೊರಗಡೇನೇ ಕಿತ್ತು ಕವರ್‌ಗೆ ತುಂಬಿ ಬಾಯಿ ಕಟ್ಟಿ, ಮನೆ ಒಳಗೆ ಕೊಡವೋದೇ ಬೇಡ. ತಿಗಣೆ ಇಲ್ದಿದ್ರೂ ಮಾಸ್ಕ್ ಹಾಕ್ಕೊಳ್ಳಿ, ಅಷ್ಟು ವರ್ಷದ ಧೂಳು ಅದು.

ಆಮೇಲೆ ಚೇರನ್ನ ಒಂದು ನ್ಯೂಸ್ ಪೇಪರ್ ಮೇಲೆ ಇಟ್ಟು ಕಾಲಿಗೆ ಮೆಲ್ಲಗೆ ತಟ್ಟಿ. ಸೂಜಿ ತೂತಿನಂಥ ಸಣ್ಣ ತೂತಿಂದ ಹಿಟ್ಟಿನಂಥ ಹೊಸ ಪುಡಿ ಬಿದ್ರೆ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ. ತೂತು ಇದೆ, ಪುಡಿ ಬೀಳ್ತಿಲ್ಲ ಅಂದ್ರೆ ಹಳೇ ಕಥೆ ಇರ್ಬೋದು, ಆದ್ರೂ ಕೆಲವು ವಾರ ನೋಡ್ತಿರಿ. ಈ ಹುಳ ಮರದ ಚೇಗು (ಒಳಗಿನ ಗಟ್ಟಿ ತಿರುಳು) ಬಿಟ್ಟು ಬಿಳಿ ಭಾಗ ತಿನ್ನತ್ತೆ, ಒಳ್ಳೇ ಸಾಗುವಾನಿ ಚೇಗಿಗೆ ಸಾಮಾನ್ಯವಾಗಿ ಬರಲ್ಲ, ಹಾಗಾಗಿ ಕಾಲಲ್ಲಿ ತೂತು ತುಂಬಾ ಇದ್ರೆ ‘ಪೂರ್ತಿ ಟೀಕ್’ ಅನ್ನೋ ಮಾತಿನ ಮೇಲೇ ಅನುಮಾನ ಪಡಿ. ಸ್ಕ್ರೂಡ್ರೈವರ್ ತುದಿ ಚುಚ್ಚಿದ್ರೆ ಸಲೀಸಾಗಿ ಒಳಗೆ ಹೋಯ್ತಾ, ಆ ಕಾಲು ಉಳಿಯಲ್ಲ, ಬದಲಾಯಿಸ್ಬೇಕು. ಗಟ್ಟಿ ಇದ್ರೆ ಪೇಂಟ್ ಅಂಗಡೀಲಿ ಸಿಗೋ ಮರದ ಹುಳದ ಔಷಧಿನ ಸಿರಿಂಜಲ್ಲಿ ತೂತಿಗೆ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಕೆಲವು ದಿನ ಬಿಡಿ, ಗ್ಲೌಸ್ ಹಾಕ್ಕೊಂಡು, ಮಕ್ಕಳಿಂದ ದೂರ. ಪಾಲಿಷ್ ಇರೋ ಕಡೆ ಮೇಲಿಂದ ಬಳಿದ್ರೆ ಏನೂ ಪ್ರಯೋಜನ ಇಲ್ಲ, ಒಳಗೆ ಇಳಿಯೋದೇ ಇಲ್ಲ. ಸೀಟಿನ ಕೆಳಗಡೆ ಪಾಲಿಷ್ ಇಲ್ದೇ ಇರೋ ಮರಕ್ಕೆ ಮಾತ್ರ ಬ್ರಷ್‌ನಲ್ಲಿ ಹೊಡೀರಿ.

ಆ ಸೀಟಿನ ಕೆಳಗಿನ ಪಟ್ಟೀನೇ ಮರ ಯಾವ್ದು ಅಂತಾನೂ ಹೇಳತ್ತೆ. ಅಲ್ಲಿ ಯಾರೂ ಬಣ್ಣ ಹಾಕಿರಲ್ಲ. ಒಂದು ಇಂಚು ಜಾಗ ಸ್ಯಾಂಡ್ ಪೇಪರಲ್ಲಿ ಉಜ್ಜಿ. ಜೇನಿನ ಬಣ್ಣದ ಕಂದು, ಎಣ್ಣೆ ಎಣ್ಣೆ ವಾಸನೆ, ಮುಟ್ಟಿದ್ರೆ ಸ್ವಲ್ಪ ಜಿಡ್ಡು ಅನ್ನಿಸಿದ್ರೆ ಸಾಗುವಾನಿ. ನೇರಳೆ ಮಿಶ್ರ ಕಡು ಕಂದು, ಕಪ್ಪು ಗೆರೆ, ಚೇರ್ ಎತ್ತೋಕೇ ಭಾರ ಅಂದ್ರೆ ಬೀಟೆ. ಮಂಕು ಬೂದು ಬಣ್ಣ, ವಾಸನೆ ಇಲ್ಲ ಅಂದ್ರೆ ಜಂಗಲ್ ವುಡ್‌ಗೆ ಟೀಕ್ ಬಣ್ಣ ಹೊಡ್ದಿರೋದು. ಹಾಗಂತ ಬೇಜಾರಾಗ್ಬೇಡಿ, ಎಷ್ಟೋ ಜಂಗಲ್ ವುಡ್ ಚೇರು ಗಟ್ಟಿಮುಟ್ಟಾಗಿ ನಿಂತಿವೆ, ಕೊಟ್ಟ ದುಡ್ಡು ಜಾಸ್ತಿ ಆಗಿರತ್ತೆ ಅಷ್ಟೇ. ಬೀಟೆ ಆಗಿದ್ರೆ ಒಂದು ಎಚ್ಚರಿಕೆ: ಅದರ ಪುಡಿ ಕೆಲವ್ರಿಗೆ ಚರ್ಮದ ಮೇಲೆ ತುರಿಕೆ, ಮೂಗು ಸೋರೋದು ಎಲ್ಲಾ ಮಾಡತ್ತೆ, ಮತ್ತೆ ಸ್ಪಿರಿಟ್ ತಾಗಿದ್ರೆ ಬಣ್ಣ ಬಿಡತ್ತೆ, ತಿಳಿ ಬಣ್ಣದ ಬಟ್ಟೆ ಪಕ್ಕದಲ್ಲಿ ಇಟ್ಕೋಬೇಡಿ.

ಈಗ ಅಲ್ಲಾಡೋ ಎರಡು ಚೇರು. ಮೊದ್ಲು ನಿಜವಾಗ್ಲೂ ಜಾಯಿಂಟ್ ಸಡಿಲ ಆಗಿದ್ಯಾ ಅಂತ ನೋಡಿ. ಗ್ರಾನೈಟ್ ಥರ ಸಮ ಇರೋ ನೆಲದ ಮೇಲಿಟ್ಟು ಒಂದು ಕಾಲಿಗೆ ಮಂಡಿ ಕೊಟ್ಟು ಒರಗು ಹಿಡ್ದು ಹಿಂದೆ ಮುಂದೆ ಅಲ್ಲಾಡಿಸಿ, ಇನ್ನೊಂದು ಕೈ ಬೆರಳನ್ನ ಹಿಂದಿನ ಕಾಲೂ ಪಕ್ಕದ ಪಟ್ಟಿನೂ ಸೇರೋ ಗೆರೆ ಮೇಲೆ ಇಟ್ಕೊಳ್ಳಿ. ಗೆರೆ ಬಾಯಿ ಬಿಟ್ಟು ಮುಚ್ಚೋದು ಬೆರಳಿಗೇ ಗೊತ್ತಾಗತ್ತೆ. ಡೈನಿಂಗ್ ಚೇರಲ್ಲಿ ಹೋಗೋದು ಜಾಸ್ತಿ ಈ ಜಾಗಾನೇ, ಊಟ ಆದ್ಮೇಲೆ ನಾವು ಹಿಂದಕ್ಕೆ ಒರಗಿದಾಗೆಲ್ಲಾ ಭಾರ ಪೂರ್ತಿ ಅಲ್ಲಿ ಬೀಳತ್ತೆ. ಗೆರೆ ಅಲುಗ್ತಿಲ್ಲ, ಚೇರ್ ಮಾತ್ರ ಕುಂಟತ್ತೆ ಅಂದ್ರೆ ಒಂದು ಕಾಲು ಗಿಡ್ಡ, ಅದಕ್ಕೆ ಕೆಳಗೆ ಒಂದು ಫೆಲ್ಟ್ ಅಂಟಿಸಿದ್ರೆ ಸಾಕು, ದಯವಿಟ್ಟು ಉಳಿದ ಮೂರು ಕಾಲು ಕೊಯ್ಯೋಕೆ ಹೋಗ್ಬೇಡಿ.

ಜಾಯಿಂಟ್ ಸಡಿಲ ಇದ್ರೆ ಗೆರೆ ಒಳಗೆ ಫೆವಿಕಾಲ್ ಸುರಿದು ಒತ್ತಿ ಹಿಡಿಯೋದು ಎಲ್ರೂ ಮಾಡೋದು, ನಿಲ್ಲಲ್ಲ. ಅಂಟು ಹಿಡಿಯೋದು ಮರಕ್ಕೆ. ಒಣಗಿದ ಹಳೇ ಅಂಟಿನ ಮೇಲೆ ಹೊಸದು ಹಿಡಿಯಲ್ಲ. ಪೂರ್ತಿ ಬಿಚ್ಚಲೇಬೇಕು. ಬಿಚ್ಚೋ ಮುಂಚೆ ಪ್ರತಿ ಜಾಯಿಂಟ್‌ನ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ 1-1, 2-2 ಅಂತ ಬರ್ಕೊಳ್ಳಿ. ಹಿಂದೆ ಯಾರಾದ್ರೂ ಮೊಳೆ ಹೊಡ್ದಿದಾರಾ, ಮೂಲೆ ಕಟ್ಟೆಗೆ ಸ್ಕ್ರೂ ಇದ್ಯಾ ನೋಡಿ, ಅದನ್ನ ತೆಗೀದೆ ಬಡಿದ್ರೆ ಮರ ಸೀಳತ್ತೆ. ಆಮೇಲೆ ಕೊಡತಿ ಇದ್ರೆ ಕೊಡತಿ, ಇಲ್ದಿದ್ರೆ ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು. ತುಂಬಾ ಹಳೇ ಚೇರಾದ್ರೆ ಒಳಗೆ ಸರೇಸು ಇರತ್ತೆ, ಚರ್ಮ ಮೂಳೆ ಬೇಯಿಸಿ ಮಾಡ್ತಿದ್ದ ಅಂಟು, ಅದು ಬಿಸಿನೀರಿಗೆ ಕರಗತ್ತೆ, ಬಿಸಿ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ರೆ ಸಲೀಸಾಗಿ ಬಿಡತ್ತೆ. ಇತ್ತೀಚಿನದಾದ್ರೆ ಬಿಳಿ ಫೆವಿಕಾಲ್, ಬಿಸಿ ವಿನೆಗರ್ ಹಚ್ಚಿ ಮೆತ್ತಗಾದ್ಮೇಲೆ ಹಳೇ ಉಳಿಯಲ್ಲಿ ಕೆರೀರಿ. ಅಂಟು ಕೆರೀಬೇಕೇ ಹೊರತು ಮರ ಕೆರೀಬಾರ್ದು, ಮರ ಕೆರೆದಷ್ಟೂ ಜಾಯಿಂಟ್ ಇನ್ನೂ ಸಡಿಲ. ಈಗಾಗ್ಲೇ ಸಡಿಲ ಇದ್ರೆ ಅದೇ ಮರದ ತೆಳ್ಳನೆ ಸಿಪ್ಪೆ ಅಂಟಿಸಿ ಬಿಗಿ ಮಾಡ್ಕೊಳ್ಳಿ.

ಅಂಟು ಹಾಕೋ ಮುಂಚೆ ಒಂದ್ಸಲ ಒಣಗಿದ್ದಾಗ್ಲೇ ಜೋಡಿಸಿ ನೋಡಿ, ಯಾಕಂದ್ರೆ ಅಂಟು ಹಚ್ಚಿದ ಮೇಲೆ ಯಾವ ಕಾಲು ಎಲ್ಲಿ ಅಂತ ಯೋಚ್ನೆ ಮಾಡೋಕೆ ಟೈಮ್ ಸಿಗಲ್ಲ. ದೊಡ್ಡ ಕ್ಲಾಂಪ್ ಇಲ್ಲ ಅಂದ್ರೆ ನೂಲಿನ ಹಗ್ಗ ಸಾಕು: ನಾಲ್ಕೂ ಕಾಲಿನ ಸುತ್ತ ಎರಡು ಸುತ್ತು ಹಾಕಿ ಗಂಟು ಹಾಕಿ, ಮಧ್ಯ ಒಂದು ಮರದ ಸೌಟು ತೂರಿಸಿ ತಿರುಚ್ತಾ ಹೋಗಿ, ಬಿಗಿಯಾದ್ಮೇಲೆ ಸೌಟನ್ನ ಪಟ್ಟಿಗೆ ಸಿಗಿಸಿ. ಮೂಲೆಗಳಲ್ಲಿ ಹಗ್ಗ ಮರಕ್ಕೆ ಗುರುತು ಬೀಳಿಸದ ಹಾಗೆ ರಟ್ಟು ಇಡಿ. ಈಚೆ ಬಂದ ಅಂಟನ್ನ ಒದ್ದೆ ಬಟ್ಟೆಯಲ್ಲಿ ಆಗ್ಲೇ ಒರೆಸಿ, ಒಣಗಿದ್ರೆ ಅಲ್ಲಿ ಪಾಲಿಷ್ ಹಿಡಿಯಲ್ಲ, ಬಿಳಿ ಕಲೆ ಉಳಿಯತ್ತೆ. ಮುಖ್ಯವಾಗಿ, ಅಂಟು ಹಸಿ ಇದ್ದಾಗ್ಲೇ ಚೇರನ್ನ ಸಮ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ಊರಿದ್ಯಾ ನೋಡಿ, ಇಲ್ದಿದ್ರೆ ಕುಂಟೋ ಚೇರೇ ಗಟ್ಟಿಯಾಗಿ ನಿಂತ್ಬಿಡತ್ತೆ. ಪೂರ್ತಿ ಒಂದು ದಿನ ಮುಟ್ಬೇಡಿ.

ಇನ್ನು ಪಾಲಿಷ್. ಎಲ್ಲಾ ಕೆರೆದು ಹೊಸದಾಗಿ ಅನ್ನೋದು ಅವ್ರಿಗೆ ಸುಲಭ, ನಿಮಗೆ ಬೇಕಾಗಿಲ್ಲದೇ ಇರ್ಬೋದು. ಮೊದ್ಲು ಬರೀ ಕ್ಲೀನ್ ಮಾಡಿ. ಸೋಪು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ, ಅದು ಒಣಗಿದ್ಮೇಲೆ ಟರ್ಪೆಂಟೈನ್ ಬಟ್ಟೆ. ಒರಗಿನ ಮೇಲ್ಪಟ್ಟಿಯಲ್ಲಿ, ಕೈ ಹಿಡ್ದು ಚೇರ್ ಎಳೆಯೋ ಜಾಗದಲ್ಲಿ ಬರೋ ಕಪ್ಪು ಜಿಡ್ಡು ನೋಡಿದ್ರೆ ಗಾಬರಿಯಾಗ್ತೀರ, ಅದು ಪಾಲಿಷ್ ಅಲ್ಲ, ಕೈ ಎಣ್ಣೆ, ತಲೆ ಎಣ್ಣೆ, ಧೂಳು ಸೇರಿದ್ದು. ಎಷ್ಟೋ ಚೇರು ಇಷ್ಟಕ್ಕೇ ಅರ್ಧ ಹೊಸದಾಗತ್ತೆ.

ಆಮೇಲೆ ಕಾಲಿನ ಹಿಂಭಾಗದಲ್ಲಿ ಕಾಣದ ಕಡೆ ಹತ್ತೀಲಿ ಸ್ವಲ್ಪ ಪಾಲಿಷ್ ಸ್ಪಿರಿಟ್ ತಗೊಂಡು ಒತ್ತಿ ಹಿಡೀರಿ. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂತು ಅಂದ್ರೆ ಅದು ಅರಗಿನ ಪಾಲಿಷ್, ನಮ್ಮವ್ರು ಸ್ಪಿರಿಟ್ ಪಾಲಿಷ್ ಅಥ್ವಾ ಫ್ರೆಂಚ್ ಪಾಲಿಷ್ ಅಂತಾರಲ್ಲ ಅದು. ಚನ್ನಪಟ್ಟಣದ ಬೊಂಬೆ ಮೇಲೆ ಹೊಳೆಯೋದೂ ಇದೇ ಅರಗು, ಅಲ್ಲಿ ಸ್ಪಿರಿಟ್ ಇಲ್ದೆ ತಿರುಗೋ ಬೊಂಬೆಗೆ ಒತ್ತಿ ಹಿಡಿದ ಬಿಸಿಗೇ ಕರಗಿಸಿ ಹಚ್ತಾರೆ. ಸ್ಪಿರಿಟ್‌ಗೆ ಏನೂ ಆಗ್ಲಿಲ್ಲ, ತಿನ್ನರ್‌ಗೆ ಕರಗ್ತು ಅಂದ್ರೆ ಲ್ಯಾಕರ್. ಎರಡಕ್ಕೂ ಜಗ್ಗಲ್ಲ ಅಂದ್ರೆ ಮೆಲಮೈನೋ ಪಿಯುನೋ (ಪಾಲಿಯುರೆಥೇನ್), ಎರಡೂ ಸ್ಪ್ರೇ ಮಾಡೋ ಗಟ್ಟಿ ಪಾಲಿಷ್, ಅದು ಸಿಪ್ಪೆ ಏಳ್ತಿದ್ರೆ ಮಾತ್ರ ಪೂರ್ತಿ ಕೆರೀಬೇಕು.

ನಿಮ್ಮ ಬಿಳಿ ಮಚ್ಚೆ ವಿವರ ನೋಡಿದ್ರೆ ಅರಗೇ ಇರ್ಬೇಕು ಅನ್ನಿಸತ್ತೆ, ತೇವ ಒಳಗೆ ಸಿಕ್ಕಾಕ್ಕೊಂಡಾಗ ಅದು ಹಾಗೆ ಬಿಳುಚ್ಕೊಳತ್ತೆ. ಹಾಗಿದ್ರೆ ನಿಮ್ಮ ಅದೃಷ್ಟ. ಹಳೇ ಅರಗು ಸ್ಪಿರಿಟ್ ಬಿದ್ರೆ ಮತ್ತೆ ಕರಗತ್ತೆ, ಅಂದ್ರೆ ತೆಗೀದೇ ಸರಿ ಮಾಡ್ಬೋದು: ಮೆತ್ತನೆ ಬ್ರಷ್‌ನಲ್ಲಿ ಸ್ಪಿರಿಟ್ ತೆಳ್ಳಗೆ ಎಳೆದ್ರೆ ಸಣ್ಣ ಬಿರುಕು, ಮಚ್ಚೆ, ಗೀರು ತನ್ನಷ್ಟಕ್ಕೇ ಹರಡಿ ಕೂಡ್ಕೊಳತ್ತೆ. ಅದು ಒಣಗಿದ್ಮೇಲೆ 320 ನಂಬರ್ ಸ್ಯಾಂಡ್ ಪೇಪರಲ್ಲಿ ಹಗುರವಾಗಿ ಮರದ ಎಳೆ ಉದ್ದಕ್ಕೇ ಉಜ್ಜಿ, ಅಡ್ಡ ಉಜ್ಜಿದ್ರೆ ಆ ಗೀರು ಪಾಲಿಷ್ ಹಾಕಿದ್ಮೇಲೇ ಎದ್ದು ಕಾಣೋದು. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿ ನೆನೆಸಿ, ಬೆಳಿಗ್ಗೆ ತೆಳ್ಳನೆ ಬಟ್ಟೆಯಲ್ಲಿ ಸೋಸಿ, ಗಾಜಿನ ಬಾಟ್ಲಲ್ಲಿ ಇಡಿ. ಬೇಕಾದಷ್ಟೇ ಕಲೆಸ್ಕೊಳ್ಳಿ, ತಿಂಗಳುಗಟ್ಟಲೆ ಇಟ್ಟ ಪಾಲಿಷ್ ಕೊನೆಗೆ ಒಣಗೋದೇ ಇಲ್ಲ, ಅಂಟಂಟಾಗೇ ಉಳಿಯತ್ತೆ. ಒಳಗೆ ಹತ್ತಿ, ಹೊರಗೆ ತೊಳೆದು ತೊಳೆದು ಮೆತ್ತಗಾಗಿರೋ ಹಳೇ ಪಂಚೆ ಬಟ್ಟೆ, ಇದನ್ನ ಒಂದು ಉಂಡೆ ಕಟ್ಟಿ, ಒಳಗಿನ ಹತ್ತಿಗೆ ಪಾಲಿಷ್ ಕುಡಿಸಿ, ಬಟ್ಟೆ ಮೇಲೆ ಒಂದೇ ತೊಟ್ಟು ಎಣ್ಣೆ. ಉಂಡೆ ಮರಕ್ಕೆ ತಾಗೋವಾಗ್ಲೂ ಬಿಡೋವಾಗ್ಲೂ ಕೈ ಚಲಿಸ್ತಾನೇ ಇರ್ಬೇಕು, ಒಂದು ಕ್ಷಣ ನಿಂತ್ರೆ ಅಲ್ಲೇ ಅಂಟ್ಕೊಂಡು ಗುರುತು ಕಿತ್ಕೊಂಡು ಬರತ್ತೆ. ತೆಳ್ಳಗೆ, ಅರ್ಧ ಗಂಟೆ ಬಿಟ್ಟು ಇನ್ನೊಂದು, ಹೀಗೆ ನಿಮಗೆ ಹೊಳಪು ಸಾಕು ಅನ್ನಿಸೋವರೆಗೂ. ಮಳೆಗಾಲದಲ್ಲಿ ಮಾತ್ರ ಬೇಡ, ಗಾಳಿಯ ತೇವಕ್ಕೆ ಪಾಲಿಷ್ ಮಂಜು ಹಿಡಿದಂತೆ ಬೆಳ್ಳಗಾಗತ್ತೆ. ಫೆಬ್ರವರಿಯಿಂದ ಮೇ ಒಳಗೆ ಮುಗಿಸಿ. ಸ್ಪಿರಿಟ್ ಬೆಂಕಿಗೆ ಭಯಂಕರ, ದೇವರ ದೀಪ ಸ್ಟೌ ಎರಡೂ ಆರಿಸಿ, ಕಿಟಕಿ ತೆಗ್ದಿಟ್ಟು ಮಾಡಿ. ಅಗಸೆ ಎಣ್ಣೆ ಏನಾದ್ರೂ ಬಳಸಿದ್ರೆ ಆ ಬಟ್ಟೆ ಮುದ್ದೆ ಮಾಡಿ ಬುಟ್ಟಿಗೆ ಹಾಕ್ಬೇಡಿ, ತನ್ನಷ್ಟಕ್ಕೇ ಕಾದು ಬೆಂಕಿ ಹತ್ಕೊಳತ್ತೆ, ಬಿಡಿಸಿ ಹೊರಗೆ ಹರವಿ.

ಎಲ್ಲೋ ಬಣ್ಣ ಪೂರ್ತಿ ಹೋಗಿ ಬರೀ ಮರ ಕಾಣ್ತಿದ್ರೆ 120, 180, 220 ಅಂತ ಪೇಪರ್ ಉಜ್ಜಿ, ಸಾಗುವಾನಿಯ ಸೂಕ್ಷ್ಮ ರಂಧ್ರಕ್ಕೆ ಚಾಕ್ ಪೌಡರ್ ತುಂಬ್ತಾರಲ್ಲ, ಅದಕ್ಕೆ ಸ್ವಲ್ಪ ಕಾವಿ ಬಣ್ಣ ಕಲೆಸಿ ಮರದ ಬಣ್ಣಕ್ಕೆ ತಂದ್ಕೊಳ್ಳಿ. ಬರೀ ಬಿಳಿ ಪೌಡರ್ ತುಂಬಿದ ಚೇರ್ ಹತ್ತಿರದಿಂದ ನೋಡಿದ್ರೆ ಸುಣ್ಣ ಚಿಮುಕಿಸಿದ ಹಾಗಿರತ್ತೆ. (ಬೇರೆ ಓದುಗರಿಗೆ: ನಿಮ್ಮ ಚೇರಿಗೆ ಹಳೇ ಎನಾಮೆಲ್ ಪೇಂಟ್ ಇದ್ರೆ ಒಣಗಿದ್ದಾಗ ಉಜ್ಜಲೇಬೇಡಿ. ನಮ್ಮಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ 90) ಮೀರಬಾರ್ದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟ್ ಪುಡಿ, ಮಕ್ಕಳಿರೋ ಮನೇಲಿ, ಬೇಡ.)

ಮೆಲಮೈನ್ ಯಾಕೆ ಬೇಡ ಅಂತೀನಿ ಅಂದ್ರೆ, ಅದು ಗಟ್ಟಿ, ನೀರಿಗೆ ಬಿಸಿಗೆ ಜಗ್ಗಲ್ಲ, ಅದು ನಿಜ. ಆದ್ರೆ ಗೀರು ಬಿದ್ರೆ ಆ ಜಾಗ ಮಾತ್ರ ಸರಿ ಮಾಡೋಕಾಗಲ್ಲ, ಪೂರ್ತಿ ಉಜ್ಜಿ ಮತ್ತೆ ಹೊಡೀಬೇಕು, ಮನೆ ಒಳಗೆ ಸ್ಪ್ರೇ ಮಾಡಿದ್ರೆ ಕಣ್ಣು ಮೂಗು ಉರಿಯೋ ವಾಸನೆ ದಿನಗಟ್ಟಲೆ. ಚೇರಿನ ಮೇಲೆ ಯಾರೂ ಬಿಸಿ ಪಾತ್ರೆ ಇಡಲ್ಲ, ಹಾಗಾಗಿ ಚೇರಿಗೆ ಅರಗು ಧಾರಾಳ ಸಾಕು. ಟೇಬಲ್‌ಗೆ ಸಾಕಾಗಲ್ಲ. ಬಿಸಿ ಸಾರಿನ ಪಾತ್ರೆ ಇಟ್ಟ ಕಡೆ ಬಿಳಿ ಉಂಗುರ ಗ್ಯಾರಂಟಿ. ಟೇಬಲ್ ಮೇಲ್ಭಾಗಕ್ಕೆ ಮಾತ್ರ ಪಿಯು ಹಾಕ್ಸಿ, ಅದನ್ನ ಅವ್ರ ಶೆಡ್‌ನಲ್ಲೇ ಸ್ಪ್ರೇ ಮಾಡಿಸ್ಕೊಂಡು ಬನ್ನಿ.

ಸೀಟು. ನಾರು ಪುಡಿಯಾಗಿದ್ರೆ ಉಳಿಸ್ಕೋಬೇಡಿ. ಕೆಳಗೆ ನವಾರು ಬಿಗಿದ ಚೌಕಟ್ಟು ಇದ್ದು ಮರ ಗಟ್ಟಿ ಇದ್ರೆ ಹೊಸ ನವಾರು ಹೆಣೆದ್ರೆ ಕೂರೋಕೆ ಪ್ಲೈಗಿಂತ ಎಷ್ಟೋ ಹಿತ, ಆದ್ರೆ ಎಳೆದು ಬಿಗಿಯೋಕೆ ಕೈಬಲ ಬೇಕು. ಸುಲಭ ಅಂದ್ರೆ 12 ಎಂಎಂ ಪ್ಲೈ. ರೆಕ್ಸಿನ್ ಹಾಕೋದಾದ್ರೆ ಪ್ಲೈಗೆ ನಾಲ್ಕೈದು ತೂತು ಕೊರೀರಿ, ಇಲ್ದಿದ್ರೆ ಗಾಳಿ ಹೋಗೋಕೆ ದಾರಿ ಇಲ್ದೆ ಕೂತಾಗೆಲ್ಲಾ ಬುಸ್ ಅನ್ನತ್ತೆ.

ಫೋಮ್ 40 ಡೆನ್ಸಿಟಿ ಕೇಳಿ, 2 ಇಂಚು. ಡೆನ್ಸಿಟಿ ಅಂದ್ರೆ ಗಟ್ಟಿತನ ಅಂತ ಅಂಗಡಿಯವ್ರೂ ಹೇಳ್ತಾರೆ, ಅಲ್ಲ, ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗತ್ತೆ ಅಂತ, ಜಾಸ್ತಿ ಇದ್ದಷ್ಟೂ ಬೇಗ ಕುಸಿಯಲ್ಲ. ಗಟ್ಟಿ ಮೆತ್ತಗೆ ಅನ್ನೋದನ್ನ ಅಂಗಡೀಲೇ ಕೂತು ನೋಡಿ. ಮೂರ್ನಾಲ್ಕು ಇಂಚು ಹಾಕ್ಸಿದ್ರೆ ರಾಜ ಸಿಂಹಾಸನದ ಥರ ಇರತ್ತೆ ಅಂತ ಆಸೆ ಪಡ್ಬೇಡಿ: ಟೇಬಲ್ ಸಾಮಾನ್ಯವಾಗಿ 30 ಇಂಚು ಎತ್ತರ, ಸೀಟು 18ರ ಹತ್ರ, ಸೀಟು ಎತ್ತರಿಸ್ತಾ ಹೋದ್ರೆ ತೊಡೆ ಟೇಬಲ್ ಪಟ್ಟಿಗೆ ತಾಗತ್ತೆ. ಫೋಮ್ ಮೇಲೆ ಅರ್ಧ ಇಂಚು ಪಾಲಿಯೆಸ್ಟರ್ ಫೈಬರ್ ಶೀಟು ಹೊದಿಸಿದ್ರೆ ಅಂಚು ದುಂಡಗೆ ಬರತ್ತೆ, ಬಟ್ಟೆಗೆ ಸುಕ್ಕು ಬರಲ್ಲ.

ಬಟ್ಟೆ ಲೆಕ್ಕ. ಸೀಟಿನ ಮುಂಭಾಗ ಅಗಲ, ಹಿಂಭಾಗ ಸಣ್ಣ ಇರತ್ತೆ, ಮುಂಭಾಗದ್ದೇ ಅಳತೆ ಹಿಡೀರಿ. 18 ಇಂಚು ಸೀಟಾದ್ರೆ ಎರಡೂ ಕಡೆ ಫೋಮಿನ 2, ಪ್ಲೈನ ಅರ್ಧ, ಕೆಳಗೆ ಮಡಚೋಕೆ ಒಂದೂವರೆ ಸೇರಿಸಿ 26 ಇಂಚು. ಸೋಫಾ ಬಟ್ಟೆ ಪನ್ನ ಸಾಮಾನ್ಯವಾಗಿ 54 ಇಂಚು, ಅಂದ್ರೆ ಅಡ್ಡಕ್ಕೆ ಎರಡು ಬರತ್ತೆ, ಆರು ಸೀಟಿಗೆ ಮೂರು ಸಾಲು, 78 ಇಂಚು, ಎರಡು ಮೀಟರ್‌ಗೆ ಒಂಚೂರು ಕಮ್ಮಿ. ಎರಡೂಕಾಲು ತಗೊಳ್ಳಿ. ದೊಡ್ಡ ಹೂವಿನ ಡಿಸೈನ್ ಆದ್ರೆ ಪ್ರತಿ ಸೀಟಿನ ಮಧ್ಯಕ್ಕೆ ಹೂವು ಬರಿಸೋಕೆ ಮೂರು ಬೇಕಾಗ್ಬೋದು. ಊಟದ ಚೇರು, ಸಾಂಬಾರ್ ಬೀಳತ್ತೆ, ಹಾಗಾಗಿ ತಿಳಿ ಬಣ್ಣದ ಹತ್ತಿ ಬೇಡ, ಪಾಲಿಯೆಸ್ಟರ್ ಮಿಶ್ರ ಇರೋ ದಟ್ಟ ನೇಯ್ಗೆ ನೋಡಿ. ಅರಿಶಿನ ಕಲೆ ಆದ್ರೆ ತೊಳೆದು ಬಿಸಿಲಿಗೆ ಇಡಿ, ಬೆಳಕಿಗೆ ಅದು ತಾನೇ ಮಾಸತ್ತೆ. ಲೆದರ್ ಲುಕ್ ಬೇಕು ಅಂದ್ರೆ ಪಿಯು ಲೆದರ್‌ಗಿಂತ ಒಳ್ಳೇ ರೆಕ್ಸಿನ್ನೇ ವಾಸಿ, ಪಿಯು ಲೆದರ್ ನಮ್ಮ ತೇವಕ್ಕೆ ಕೆಲವೇ ವರ್ಷದಲ್ಲಿ ಸಿಪ್ಪೆ ಸಿಪ್ಪೆ ಏಳತ್ತೆ. ರೆಕ್ಸಿನ್‌ಗೆ ಬೇಸಿಗೇಲಿ ಬೆವರು, ಅದು ಬೇರೆ ವಿಷ್ಯ.

ಬಿಗಿಯೋವಾಗ ನಾಲ್ಕೂ ಕಡೆ ಮಧ್ಯಕ್ಕೆ ಒಂದೊಂದು ಪಿನ್, ಆಮೇಲೆ ಎದುರುಬದುರು ಎಳೆದು ಮೂಲೆ ಕಡೆಗೆ ಹೋಗಿ, ಒಂದೇ ಕಡೆ ಪೂರ್ತಿ ಮುಗಿಸಿದ್ರೆ ಬಟ್ಟೆ ಓರೆಯಾಗತ್ತೆ. ಕೈಯಲ್ಲಿ ಒತ್ತೋ ಸ್ಟೇಪಲ್ ಗನ್‌ಗೆ ಪ್ಲೈ ಗಟ್ಟಿ, 8 ಎಂಎಂ ಪಿನ್ ಹಾಕಿ, ಅರ್ಧ ನಿಂತಿದ್ದನ್ನ ಸುತ್ತಿಗೇಲಿ ಬಡೀರಿ.

ಚೇರಿನ ಚೌಕಟ್ಟಿನ ಒಳಗೆ ಕೂರೋ ಸೀಟಾದ್ರೆ ಒಂದು ಮಾತು, ಇದನ್ನ ಕುಶನ್ ಅಂಗಡಿಯವ್ರೂ ಮರೀತಾರೆ. ಹಳೇ ರೆಕ್ಸಿನ್ ತೆಗೀದೆ ಅದರ ಮೇಲೇ ಹೊಸ ದಪ್ಪ ಬಟ್ಟೆ ಬಿಗಿದು, ಸೀಟನ್ನ ಗುದ್ದಿ ಗುದ್ದಿ ಕೂರಿಸ್ತಾರೆ. ಆ ಸೀಟು ಒಳಗಿಂದ ಪಟ್ಟಿಗಳನ್ನ ಹೊರಕ್ಕೆ ತಳ್ತಾನೇ ಇರತ್ತೆ, ನೀವು ಕಷ್ಟಪಟ್ಟು ಅಂಟಿಸಿದ ಜಾಯಿಂಟ್ ಮತ್ತೆ ಬಾಯಿ ಬಿಡತ್ತೆ. ಬಟ್ಟೆ ಬಿಗಿಯೋ ಮುಂಚೆ ಬರೀ ಪ್ಲೈಯನ್ನ ಚೌಕಟ್ಟಲ್ಲಿಟ್ಟು, ಸುತ್ತ ಸಂದಿಯಲ್ಲಿ ಎರಡು ಪದರ ಬಟ್ಟೆ ತುಂಡು ತೂರಿಸಿ ನೋಡಿ, ಸಡಿಲವಾಗಿ ಹೋಗ್ಬೇಕು. ಹೋಗ್ತಿಲ್ಲ ಅಂದ್ರೆ ಪ್ಲೈ ಅಂಚನ್ನ ಕೀಸ್ಕೊಳ್ಳಿ.

ಯಜಮಾನ್ರ ಮಾತೂ ಪೂರ್ತಿ ತಪ್ಪಲ್ಲ. ಬಿಚ್ಚಿದಾಗ ಹಿಂದಿನ ಕಾಲಲ್ಲಿ ಉದ್ದುದ್ದ ಬಿರುಕು ಕಂಡ್ರೆ, ಅಥ್ವಾ ಒಳಗೆ ಮೂತಿ (ಕಾಲಿನ ತೂತಿಗೆ ಕೂರೋ ಪಟ್ಟಿಯ ತುದಿ) ಮುರಿದಿದ್ರೆ, ಆ ಚೇರ್ ಕಾರ್ಪೆಂಟರ್‌ಗೇ ಕೊಡಿ. ಕೊಡೋವಾಗ ಮೊಳೆ ಹೊಡಿಯೋದು ಬೇಡ, ಎಲ್ ಪಟ್ಟಿನೂ ಬೇಡ, ಬಿಚ್ಚಿ ಅಂಟಿಸಿ ಒಂದು ದಿನ ಕ್ಲಾಂಪ್‌ನಲ್ಲಿ ಬಿಡಿ ಅಂತ ಮೊದ್ಲೇ ಹೇಳಿ, ರೇಟ್ ಮಾತಾಡೋ ಮುಂಚೆ ಹೇಳಿ, ಯಾಕಂದ್ರೆ ಮೊಳೆ ಹೊಡೆಯೋ ರೇಟೇ ಬೇರೆ, ಬಿಚ್ಚೋ ರೇಟೇ ಬೇರೆ.